ಡೋಲು ಎಲ್ಲಿ ಎಂದು ಕೇಳಿದವರು

ಆಗದ ಮಾತು ಎಂದವರು ನನ್ನ ಸೋದರಮಾವ. ಮಸ್ಕತ್ತಿನ ಮತ್ರಾ ಪೇಟೆಯ ಗಲ್ಲಿಯಲ್ಲಿ ಅವರದ್ದು ಬಟ್ಟೆ ಅಂಗಡಿ. ಇಲ್ಲಿರುವ ನಮ್ಮ ಕರಾವಳಿಯವರ ಸಂಘಕ್ಕೆ ಅವರೇ ಅಧ್ಯಕ್ಷರು, ನನಗೆ ಬುದ್ಧಿ ಬಂದಾಗಿನಿಂದಲೂ. ಅದೇ ಗಲ್ಲಿಯ ಕೊನೆಯಲ್ಲಿ ನನ್ನಪ್ಪ ಹೊಲಿಗೆ ಮೆಷಿನಿನ ಮುಂದೆ ಕೂತಿರುತ್ತಾರೆ. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಕಾಲೇಜು ಮುಗಿಸಿದವರು ಒಬ್ಬರೂ ಇಲ್ಲ. ನಾನು ಪಾಶ್ಚಾತ್ಯ ಸಂಗೀತದ ದೂರಶಿಕ್ಷಣ ಪದವಿಗೆ ಸೇರಿದ್ದೇನೆ ಎಂದಾಗ ಮಾವ ಚಹಾದ ಲೋಟವನ್ನು ಕೆಳಗಿಟ್ಟರು.

“ಟೈಲರನ ಮಗಳಿಗೆ ಪಿಯಾನೋದಲ್ಲಿ ಡಿಗ್ರಿಯಾ! ಎಂಥ ಮಾರಾಯ್ತಿ, ಅಕೌಂಟ್ಸ್ ಮಾಡ್ಲಿಕ್ಕೆ ನಿನಗೆ ಏನು ರೋಗ? ಇದೆಲ್ಲ ಆಗುದಲ್ಲ, ಹೋಗುದಲ್ಲ.”

ಮನೆ ಮನೆಗೆ ಹೋಗಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತ ಓದಿದೆ. ಕೊನೆಯ ವರ್ಷ, ಈಗ ಬದುಕಿರುವ ಸಂಗೀತ ಸಂಯೋಜಕರೊಬ್ಬರ ವೃತ್ತಿಜೀವನದ ಮೇಲೆ ಪ್ರಬಂಧ ಬರೆಯಬೇಕಿತ್ತು, ಅವರ ಕೃತಿಯ ಒಂದು ದೃಶ್ಯವನ್ನು ಸಭೆಯೆದುರು ನುಡಿಸಬೇಕಿತ್ತು. ನಾನು ಪೂರ್ವ ಆಫ್ರಿಕಾದ ಕರಾವಳಿಯ ಒಬ್ಬ ಹೆಂಗಸನ್ನು ಆರಿಸಿಕೊಂಡೆ. ಅವರು ಸ್ವಾಹಿಲಿಯಲ್ಲಿ ಒಪೆರಾ ಬರೆಯುವವರು, ಅಂದರೆ ಮಾತೆಲ್ಲ ಹಾಡೇ ಆಗಿರುವ ನಾಟಕ. ಇದನ್ನು ಕೇಳಿದ್ದೇ ಮಾವನಿಗೆ ಇನ್ನೊಮ್ಮೆ ಆಗುದಲ್ಲ ಎನ್ನಲು ಅವಕಾಶವಾಯಿತು.

“ಆಫ್ರಿಕಾದವಳು ಒಪೆರಾ ಬರಿಯುದಾ? ಅವರದ್ದು ಡೋಲು ಅಲ್ವಾ?”

ಮಾವನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಪೂರ್ವ ಆಫ್ರಿಕಾದ ಜಂಜಿಬಾರಿನಿಂದ ಮರಳಿ ಬಂದ, ಮನೆಯಲ್ಲಿ ಸ್ವಾಹಿಲಿ ಮಾತಾಡುವ ಒಮಾನಿ ಮನೆತನದವರು. ಅವರ ಜೊತೆ ಚೌಕಾಶಿ ಮಾಡುವಷ್ಟು ಸ್ವಾಹಿಲಿ ಮಾವನಿಗೂ ಬರುತ್ತದೆ. ಆ ಭಾಷೆಯಲ್ಲಿ ಬಟ್ಟೆ ಮಾರಬಹುದು, ಒಪೆರಾ ಹಾಡಲಾಗದು ಎಂಬುದು ಅವರ ತೀರ್ಮಾನ.

ನಾನು ಪಾಠ ಹೇಳುತ್ತಿದ್ದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಮನೆಯೊಂದಕ್ಕೆ ಆ ಸಂಯೋಜಕಿ ಹತ್ತಿರದ ನೆಂಟರು. ಅಲ್ಲಿಗೆ ಬಂದಿದ್ದಾಗ ತಮ್ಮ ಕಥೆಯನ್ನು ತಾವೇ ಹೇಳಿದರು, ನಗುತ್ತ. ಶಾಲೆಯ ಹಳೇ ಪಿಯಾನೋದಲ್ಲಿ ಕಲಿತವರು. ಊರಿನವರು, ಇದು ಬಿಳಿಯರ ಸಂಗೀತ, ನಿನಗ್ಯಾಕೆ ಅಂದರಂತೆ. ಓದಲು ಯುರೋಪಿಗೆ ಹೋದರೆ ಅಲ್ಲಿಯ ಗುರುಗಳು, ಎಲ್ಲ ಚೆನ್ನಾಗಿದೆ, ಡೋಲು ಎಲ್ಲಿ ಅಂದರಂತೆ. ಮೊದಲ ಒಪೆರಾದಲ್ಲಿ ಡೋಲು ಇರಲಿಲ್ಲ. ಅಲ್ಲಿಯ ಒಂದು ಪತ್ರಿಕೆಗೆ ಅದರಲ್ಲಿ ಆಫ್ರಿಕಾ ಸಿಗಲಿಲ್ಲ. ಬೇಸತ್ತು ಎರಡನೆಯದಕ್ಕೆ ಒಂದು ಡೋಲು ಹಾಕಿದರು. ಅದರ ಪೆಟ್ಟುಗಳನ್ನು ಅವರು ಕಲಿತದ್ದು ಯುರೋಪಿನಲ್ಲೇ, ಒಬ್ಬ ನಿವೃತ್ತ ಮಿಲಿಟರಿ ಬ್ಯಾಂಡಿನವನಿಂದ. ಒಂದು ಇಡೀ ಖಂಡದ ಎದೆಬಡಿತ ಕೇಳಿಸಿತು ಎಂದು ಅದೇ ಪತ್ರಿಕೆ ಬರೆಯಿತು. ಆಮೇಲೆ ದೊಡ್ಡ ದೊಡ್ಡ ರಂಗಮಂದಿರಗಳು ಕರೆದವು. ಕರೆದಲ್ಲೆಲ್ಲ ಡೋಲಿಗೂ ಒಂದು ಆಮಂತ್ರಣ.

ಮಾವನ ಮಾತನ್ನು ಅವರಿಗೆ ಹೇಳಿದೆ. “ನಿನ್ನ ಮಾವನಿಗೆ ಆ ಪತ್ರಿಕೆಯಲ್ಲಿ ಧಾರಾಳವಾಗಿ ಕೆಲಸ ಸಿಗುತ್ತದೆ” ಅಂದರು.

ನಾನು ಆರಿಸಿದ್ದು ಡೋಲಿಲ್ಲದ ಮೊದಲ ಒಪೆರಾದ ದೃಶ್ಯ. ಅದರಲ್ಲಿ ಹಾಡಲು ಅವರೇ ಒಪ್ಪಿದರು. ವಿಶ್ವವಿದ್ಯಾಲಯದ ನಿಯಮ ಒಂದೇ: ದೃಶ್ಯ ಎಲ್ಲೂ ನಿಲ್ಲದೆ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಆಗಬೇಕು. ನಿಂತರೆ ಫೇಲು. ನಮ್ಮ ಸಂಘದ ವಾರ್ಷಿಕೋತ್ಸವದ ಮರುದಿನವೇ ಅವರು ವಿಮಾನ ಹತ್ತುವವರು. ನನಗೆ ಸಿಗುವ, ಪಿಯಾನೋ ಇರುವ ಸಭಾಂಗಣ ಎಂದರೆ ಆ ಉತ್ಸವಕ್ಕೆ ಬಾಡಿಗೆಗೆ ಹಿಡಿದದ್ದು ಮಾತ್ರ. ಅಂದರೆ ಮಾವನ ಕೈಯಲ್ಲಿದ್ದದ್ದು.

“ಮಾವ, ನಡುವಿನಲ್ಲಿ ಯಾರೂ ಸ್ಟೇಜಿಗೆ ಬರಬಾರದು ಆಯ್ತಾ” ಎಂದು ಮೊದಲೇ ಹೇಳಿದ್ದೆ.

“ನಾನೇ ನೋಡಿಕೊಳ್ತೇನೆ. ಒಂದು ನೊಣ ಬರ್ಲಿಕ್ಕಿಲ್ಲ.”

ನೊಣ ಬರಲಿಲ್ಲ. ನಮ್ಮಲ್ಲಿ ಸನ್ಮಾನವನ್ನು ಕಾರ್ಯಕ್ರಮದ ನಡುವೆಯೇ ಮಾಡುತ್ತಾರೆ. ಕೊನೆಗೆ ಇಟ್ಟರೆ ಜನರೆಲ್ಲ ಊಟದ ಸಾಲಿನಲ್ಲಿರುತ್ತಾರೆ, ಶಾಲು ಹೊದಿಸುವವರ ಮುಖ ನೋಡಲು ಯಾರೂ ಉಳಿಯುವುದಿಲ್ಲ. ಯಕ್ಷಗಾನದಲ್ಲಿ ಭಾಗವತರೇ ಪದ ನಿಲ್ಲಿಸಿ ಜಾಗ ಬಿಡುತ್ತಾರೆ. ಮಾವನ ಲೆಕ್ಕದಲ್ಲಿ ಒಪೆರಾ ಎಂದರೆ ಬಿಳಿಯರ ಯಕ್ಷಗಾನ. ಯಾರೂ ಬರಬಾರದು ಎಂದ ನಿಯಮ ಅಧ್ಯಕ್ಷರಿಗೂ ಅನ್ವಯಿಸುತ್ತದೆ ಎಂಬುದು ಅವರ ಕಲ್ಪನೆಗೆ ಮೀರಿದ್ದು.

ದೃಶ್ಯದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಗಂಡನ ಹಡಗಿನ ಸುದ್ದಿ ಕೇಳಲು ಬಂದರಿನ ಅಧಿಕಾರಿಯ ಬಾಗಿಲಲ್ಲಿ ಕಾಯುತ್ತಾಳೆ. ಅಧಿಕಾರಿ ಬರುವುದೇ ಇಲ್ಲ. ಅವಳ ಮನವಿಯೇ ಹಾಡು. ಅದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದ ಪದಾಧಿಕಾರಿಗಳೊಂದಿಗೆ ಮಾವ ಮೈಕು ಹಿಡಿದು ವೇದಿಕೆಗೆ ಬಂದೇಬಿಟ್ಟರು.

“ಮಾನ್ಯರೇ, ಆಫ್ರಿಕಾದಂಥ ದೂರದ ನಾಡಿನಿಂದ...”

ವರ್ಷಗಟ್ಟಲೆ ಓದಿದ್ದು ಒಂದು ಹಣ್ಣಿನ ಬುಟ್ಟಿಗೆ ಮುಗಿಯಿತು ಅಂದುಕೊಂಡೆ. ಹಾಡುತ್ತಿದ್ದವರು ನನ್ನ ಕಡೆ ಒಮ್ಮೆ ನೋಡಿದರು. ನಿಲ್ಲಿಸಿದರೆ ಜೋಕೆ ಎಂಬ ನೋಟ. ಕಾಯುವ ಭಾಗದ ಸ್ವರಗಳನ್ನೇ ಮತ್ತೆ ಮತ್ತೆ ನುಡಿಸುತ್ತ ಹೋದೆ. ಅವರು ಮಾವನ ಎದುರಿಗೆ ಮಂಡಿಯೂರಿ, ಮನವಿಯ ಉಳಿದ ಅರ್ಧವನ್ನು ಮಾವನಿಗೇ ಹಾಡತೊಡಗಿದರು. ತನ್ನ ಗೌರವಕ್ಕೇ ಹಾಡುತ್ತಿದ್ದಾರೆಂದು ಮಾವ ಕಣ್ಣು ಮುಚ್ಚಿ ತಲೆದೂಗಿದರು, ಶಾಲು ಹೊದಿಸಿದರು, ಪ್ರಾಯೋಜಕರ ಹೆಸರುಗಳನ್ನು ಓದಿದರು. ಹಾಡು ಏರಿದಷ್ಟೂ ಮಾವನ ದನಿ ಏರಿತು. ಕೊನೆಗೆ ಬಗ್ಗಿ, “ಯಲ್ಲಾ ಮೇಡಂ, ಖಲಾಸ್ ಮಾಡಿ, ಊಟ ತಣ್ಣಗಾಗ್ತದೆ” ಅಂದರು. ಸಂಯೋಜಕಿ ಕೊನೆಯ ಸ್ವರ ಹಿಡಿದರು, ನಾನೂ ಹಿಡಿದೆ. ಎಲ್ಲೂ ನಿಲ್ಲಲಿಲ್ಲ.

ಇಳಿದು ಬರುವಾಗ ಮಾವ ನನ್ನ ಕಿವಿಯಲ್ಲಿ ಕೇಳಿದರು, “ಎಲ್ಲ ಸರಿ ಉಂಟು. ಡೋಲು ಯಾಕೆ ಇಲ್ಲ?”

ವಿಡಿಯೊದ ಜೊತೆಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿದೆ. ದೃಶ್ಯ ಎಲ್ಲೂ ನಿಂತಿಲ್ಲವಾದ್ದರಿಂದ ಒಪ್ಪಿದ್ದೇವೆ ಎಂದು ಪರೀಕ್ಷಕರು ಉತ್ತರಿಸಿದರು. ಮೈಕು ಹಿಡಿದ ವ್ಯಕ್ತಿಯ ಭಾಷೆ ತಮಗೆ ತಿಳಿಯಲಿಲ್ಲ, ಆದರೆ ಕೃತಿಯಲ್ಲಿ ಬಾರದೇ ಇರುವ ಅಧಿಕಾರಿಯ ಪಾತ್ರವನ್ನು ಇಷ್ಟು ಸಹಜವಾಗಿ ಬೇರೆ ಯಾರೂ ಮಾಡಲಾರರು ಎಂದೂ ಸೇರಿಸಿದ್ದರು. ಸಂಯೋಜಕಿಗೆ ತಿಳಿಸಿದೆ. ಮುಂದಿನ ಪ್ರದರ್ಶನದಲ್ಲಿ ಅಧಿಕಾರಿಯನ್ನು ಕರೆಸುತ್ತೇನೆ, ಶಾಲಿನ ಸಮೇತ ಎಂದು ಬರೆದರು.

ಮಾವ ಈಗ ಅಂಗಡಿಗೆ ಬಂದವರಿಗೆಲ್ಲ ತಾನೂ ಒಪೆರಾದಲ್ಲಿ ಪಾತ್ರ ಮಾಡಿದ್ದೇನೆ ಅನ್ನುತ್ತಾರೆ.

ಪದವಿ ಪತ್ರ ಕೊರಿಯರಿನಲ್ಲಿ ಬಂತು. ಅದನ್ನು ಮನೆಯಲ್ಲಿ ಬಿಚ್ಚುವಂತಿರಲಿಲ್ಲ, ಸಂಘದ ವೇದಿಕೆಯಲ್ಲೇ ಕೊಡಬೇಕು ಎಂದು ಮಾವನ ಅಪ್ಪಣೆ. ಮಕ್ಕಳ ಭರತನಾಟ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಈ ಹುಡುಗಿಯಲ್ಲಿ ಮೊದಲಿನಿಂದಲೂ ತನಗೆ ನಂಬಿಕೆಯಿತ್ತು ಎಂದು ಹೇಳಿ, ಮಾವ ಅದನ್ನು ನನ್ನ ಕೈಗಿಟ್ಟರು. ಕೆಳಗಿಳಿದು ಅಪ್ಪನಿಗೆ ಕೊಟ್ಟೆ. ಅಪ್ಪ ಬಟ್ಟೆಯ ಗುಣ ನೋಡುವ ಹಾಗೆ ಕಾಗದದ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ವೇದಿಕೆಯಲ್ಲಿ ಮಾವ ಇನ್ನೂ ಮಾತಾಡುತ್ತಲೇ ಇದ್ದರು.

“ನಿನ್ನ ಮಾವ ಅವತ್ತು ಆಗುದಲ್ಲ ಅಂದದ್ದು ಒಳ್ಳೇದೇ ಆಯ್ತು ಮಗಾ,” ಅಂದರು ಅಪ್ಪ. “ಆಗ್ತದೆ ಅಂದಿದ್ರೆ ಈ ಪರೀಕ್ಷೆ ಬರೆದದ್ದೂ ತಾನೇ ಅಂತ ಇವತ್ತು ಹೇಳ್ತಿದ್ದ.”