ನನ್ನ ಅಮ್ಮ, ಅವಳ ಅತ್ತೆ

ಅತ್ತಿಗೆಯ ಎಡ ಅಂಗೈಯ ನಟ್ಟನಡುವೆ ಕೆಂಪಗೆ ಒಂದು ಗುರುತಿತ್ತು. ಕುದಿಯುವ ಸಾರನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ಉಫ್ ಎಂದು ಒಮ್ಮೆಯೂ ಊದದೆ, ಹಾಗೇ ನಾಲಗೆಗೆ ಹಚ್ಚಿ ಉಪ್ಪು ಹುಳಿ ನೋಡುವುದು ಅವಳ ರೂಢಿ. ವರ್ಷಗಟ್ಟಲೆ ಹಾಗೆ ನೋಡಿ ನೋಡಿ ಅಲ್ಲಿನ ಚರ್ಮ ಬೆಂದು ನಯವಾಗಿತ್ತು. ಅಂಥದ್ದೇ ಗುರುತು, ಅದೇ ಜಾಗದಲ್ಲಿ, ನನ್ನ ಅಮ್ಮನಿಗೂ ಇತ್ತು. ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ಗುರುತು ಮಾತ್ರ ಸೊಸೆಯ ಕೈಗೆ ಹೋಯಿತು. ನನ್ನ ಕೈಯಲ್ಲಿರುವುದು ಬೆರಳ ತುದಿಗೆ ಸೂಜಿ ಚುಚ್ಚಿದ ಕಲೆಗಳು ಅಷ್ಟೇ. ಶಿಕಾರಿಪುರದಲ್ಲಿ ಬ್ಲೌಸು ಹೊಲಿದು ಬದುಕುವವಳು ನಾನು.

'ಅವಳು' ಎಂದು ಬರೆಯುತ್ತಿದ್ದೇನೆ. ಎದುರಿಗೆ ಯಾವತ್ತೂ ಹಾಗೆ ಅಂದವಳಲ್ಲ. ಅಣ್ಣನ ಹೆಂಡತಿ, ಮೇಲಾಗಿ ನನಗಿಂತ ಎರಡು ವರ್ಷ ದೊಡ್ಡವಳು. ಎದುರಿಗೆ 'ಅತ್ತಿಗೆ ಬನ್ನಿ, ಅತ್ತಿಗೆ ಕೂತ್ಕೊಳ್ಳಿ' ಎಂಬ ಮರ್ಯಾದೆಯೇ. ಮನಸ್ಸಿನೊಳಗೆ ಮಾತ್ರ ಮೊದಲ ದಿನದಿಂದ ಅವಳು ಅವಳೇ.

ಚಂದ್ರಗುತ್ತಿ ಕಡೆಯಿಂದ ಉಳವಿಯ ನಮ್ಮ ಮನೆಗೆ ಅವಳು ಮದುವೆಯಾಗಿ ಬಂದಾಗ ನಾನು ಸೊರಬದಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ. ಒಲೆಯ ಕಡೆ ತಲೆ ಹಾಕದಿರುವುದಕ್ಕೆ ನನಗೆ ಒಳ್ಳೆಯ ನೆವ ಸಿಕ್ಕಿತ್ತು. ಅಮ್ಮನೂ 'ನಿಂಗೆ ಕತ್ರಿ ಸಾಕು ಬಿಡು' ಎಂದು ನಕ್ಕು ಸುಮ್ಮನಾಗುತ್ತಿದ್ದಳು. ಬಂದ ಹೊಸತರಲ್ಲಿ ಅತ್ತಿಗೆಗೆ ಗಂಜಿ ಬಸಿಯುವುದಕ್ಕೂ ನೆಟ್ಟಗೆ ಬರುತ್ತಿರಲಿಲ್ಲ, ಅರ್ಧ ಅನ್ನ ಗಂಜಿಯ ಜತೆ ಹೋಗುತ್ತಿತ್ತು. ಈ ವಿಷಯವನ್ನು ನಾನು ಮುಂದೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಒಬ್ಬರೂ ನಂಬಲಿಲ್ಲ.

ಮರು ವರ್ಷ ನನ್ನ ಮದುವೆಯಾಗಿ ನಾನು ಶಿಕಾರಿಪುರಕ್ಕೆ ಹೋದೆ. ಅಲ್ಲಿಗೆ ಮುಗಿಯಿತು. ಅಡುಗೆಮನೆಯಲ್ಲಿ ಉಳಿದವರು ಅವರಿಬ್ಬರೇ. ಹಬ್ಬಕ್ಕೆ ಬಂದಾಗ ನೋಡಿದರೆ, ಅಮ್ಮ ಮಾತೇ ಆಡದೆ ಕೈ ಚಾಚುವುದು, ಅತ್ತಿಗೆ ಮಾತೇ ಆಡದೆ ಆ ಕೈಗೆ ಬೇಕಾದ ಡಬ್ಬಿಯನ್ನೇ ಕೊಡುವುದು! ನಾನು 'ಅಮ್ಮಾ, ಎಂತ ಬೇಕು, ನಾನು ಕೊಡ್ತೀನಿ' ಎಂದು ನುಗ್ಗಿದರೆ, 'ನಿಂಗೆ ಎಲ್ಲಿದೆ ಗೊತ್ತಾಗದಿಲ್ಲ, ಕೂತ್ಕೊ' ಎಂದು ಅಮ್ಮ ನನ್ನನ್ನು ನೆಂಟರ ಹಾಗೆ ಜಗುಲಿಗೆ ಕಳಿಸುತ್ತಿದ್ದಳು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ನನಗೇ ಗೊತ್ತಿಲ್ಲವಂತೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು.

ಒಂದು ದಿನ ಅಮ್ಮನಿಗೆ ಫೋನು ಮಾಡಿ ಹುರುಳಿಕಟ್ಟಿನ ಸಾರು ಮಾಡುವುದು ಹೇಗೆ ಎಂದು ಕೇಳಿದೆ. ಅಮ್ಮ, 'ಅವಳನ್ನೇ ಕೇಳೆ, ನಂಗಿಂತ ಚಂದ ಹೇಳ್ತಾಳೆ' ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟೇಬಿಟ್ಟಳು. ನನ್ನ ಅಮ್ಮನ ಸಾರನ್ನು ನನಗೆ ಹೇಳಿಕೊಡಲು ಚಂದ್ರಗುತ್ತಿ ಕಡೆಯವಳು ಬರಬೇಕಾಯಿತು. ಅವಳೋ, ಒಂದಿಷ್ಟೂ ಮುಚ್ಚುಮರೆಯಿಲ್ಲ.

'ಹುರುಳಿ ಬೇಯ್ಸಿ ಕಟ್ಟು ಬಸ್ಕೊ ಮಾರಾಯ್ತಿ. ಈರುಳ್ಳಿ ಬೆಳ್ಳುಳ್ಳಿ ಸಿಪ್ಪೆ ಸಮೇತ ಕೆಂಡದಲ್ಲಿ ಸುಡು, ಬಾಣಲೇಲಿ ಹುರೀಬೇಡ, ಅದು ಬೇರೆ ಸಾರೇ ಆಗ್ತದೆ. ಬೆಂದ ಹುರುಳಿ ಒಂದು ಹಿಡಿ ಹಾಕಿ ಕಾಯಿ ಮೆಣಸಿನ ಜೊತೆ ರುಬ್ಬು. ಹುಳಿ ಕೊನೇಗೆ. ಇವತ್ತು ಮಾಡಿ ನಾಳೆ ಉಣ್ಣು, ಗಡಿಬಿಡಿ ಮಾಡಬೇಡ.'

ಏನಾದರೂ ಮುಚ್ಚಿಟ್ಟಿದ್ದರೆ ಬಯ್ದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ದಾರಿ ಬಿಡಲಿಲ್ಲ. ಹೇಳಿದ ಹಾಗೇ ಮಾಡಿದೆ. ನನ್ನ ಗಂಡ ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆಯುತ್ತಾ, 'ಚಲೋ ಆಗೇತಿ. ಆದ್ರ ಉಳವಿದು ಬ್ಯಾರೇನ ಬಿಡು' ಎಂದರು. ಆ ವಾರ ಅವರಿಗೆ ಬರೀ ತಿಳಿಸಾರೇ.

ಅತ್ತಿಗೆಗೆ ಇನ್ನೊಂದು ಅಭ್ಯಾಸವಿತ್ತು. ಯಾರೇ ಸಿಗಲಿ, ಫೋನು ಮಾಡಲಿ, ಕ್ಷೇಮ ಸಮಾಚಾರಕ್ಕಿಂತ ಮೊದಲು 'ಎಂತ ಅಡುಗೆ ಇವತ್ತು?' ಎಂದು ಕೇಳುವುದು. ಮೀಟರು ನೋಡಲು ಬಂದವನನ್ನೂ ಕೇಳುತ್ತಿದ್ದಳು, ಕೇಳಿ ಸುಮ್ಮನಾಗದೆ 'ಉಂಡ್ಕಂಡೇ ಹೋಗು' ಎನ್ನುತ್ತಿದ್ದಳು. ಒಮ್ಮೆ ನಾನು ಉಪ್ಪಿಟ್ಟು ಕೆದಕುತ್ತಿದ್ದಾಗ ಅವಳ ಫೋನು ಬಂತು. ಸೋಲುವುದೇಕೆ ಎಂದು 'ಹೋಳಿಗೆ ಅತ್ತಿಗೆ, ಕಡಲೆಬೇಳೆ ಹೋಳಿಗೆ' ಎಂದುಬಿಟ್ಟೆ. 'ಹೌದಾ! ಕಣಕಕ್ಕೆ ಮೈದಾ ಹಾಕಿದ್ಯಾ, ಚಿರೋಟಿ ರವೆಯಾ? ಹೂರಣ ನೀರಾಗ್ಲಿಲ್ವಲ್ಲ? ಕಟ್ಟಿನ ಸಾರು ಮಾಡಿದ್ಯಾ?' ಎಂದು ಶುರು ಮಾಡಿದಳು. ಉಪ್ಪಿಟ್ಟು ತಳ ಹತ್ತುವವರೆಗೂ ನಾನು ಇಲ್ಲದ ಹೋಳಿಗೆಯನ್ನು ಲಟ್ಟಿಸುತ್ತಾ ನಿಂತಿದ್ದೆ. ಕೊನೆಗೆ ಅವಳು, 'ಅತ್ತೆಗೆ ಹೇಳ್ತೀನಿ ಇರು, ಮಗಳ ಮನೇಲಿ ಹೋಳಿಗೆ ಅಂತ, ಖುಷಿಪಡ್ತಾರೆ' ಎಂದಳು. ಅವಳ ದನಿಯಲ್ಲಿ ಕುಹಕವಿತ್ತೇನೋ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಮೇಲೆ ನಮ್ಮ ಕುಟುಂಬಕ್ಕೂ ಒಂದು ವಾಟ್ಸಾಪ್ ಗುಂಪು ಬಂತಲ್ಲ, ಅಲ್ಲಿಯೂ ಅವಳದೇ ರಾಜ್ಯ. ಕಳಲೆ ಪಲ್ಯ ಹೀಗೆ, ಕೆಸುವಿನ ಸೊಪ್ಪು ಬಾಯಿ ತುರಿಸದ ಹಾಗೆ ಬೇಯಿಸುವುದು ಹೀಗೆ ಎಂದು ಮಾತಿನಲ್ಲೇ ಹೇಳಿ ಕಳಿಸುತ್ತಿದ್ದಳು. ಹಿಂದೆ ಕುಕ್ಕರು ಕೂಗುವುದೂ ಕೇಳುತ್ತಿತ್ತು. ಚಿಕ್ಕಪ್ಪನ ಮಕ್ಕಳು, ಅವರ ಹೆಂಡಿರು, ಎಲ್ಲಿದ್ದವರೂ ಬಂದು 'ಥೇಟ್ ದೊಡ್ಡಮ್ಮನ ರುಚಿ' ಎಂದು ಬರೆಯುವುದು. ಆ ದೊಡ್ಡಮ್ಮ ಯಾರ ಅಮ್ಮ ಎಂದು ಯಾರಿಗೂ ನೆನಪಿದ್ದ ಹಾಗಿರಲಿಲ್ಲ. ನಾನೂ ಒಂದು ದಿನ ನನ್ನ ಜೋಳದ ರೊಟ್ಟಿಯ ಫೋಟೋ ಹಾಕಿದೆ, ಪೂರ್ತಿ ಉಬ್ಬಿದ್ದು. ಹೆಬ್ಬೆರಳು ಎತ್ತಿದವಳು ಅತ್ತಿಗೆ ಒಬ್ಬಳೇ. ಅದೂ ನನಗೆ ಸೇರಲಿಲ್ಲ.

ರೊಟ್ಟಿ ಮಾತ್ರ ನನ್ನದು. ನನ್ನ ಅತ್ತೆಮನೆಯವರು ಜೋಳದ ರೊಟ್ಟಿಯವರು. ನನ್ನ ಅತ್ತೆ ಹಟ ಹಿಡಿದು ತಟ್ಟಲು ಕಲಿಸಿದ್ದರು. ನಮ್ಮ ಉಳವಿಯ ಕಡೆ ಅನ್ನ, ಅಕ್ಕಿ ರೊಟ್ಟಿ, ಕಡುಬು. ಅದಕ್ಕೇ ಅಮ್ಮ ಶಿರಾಳಕೊಪ್ಪದ ಮೇಲೆ ಬಸ್ಸು ಹತ್ತಿಳಿದು ನಮ್ಮ ಮನೆಗೆ ಬಂದಾಗ ನಾನು ಅವಳಿಗೆಂದೇ ಬೇರೆ ಅನ್ನ ಮಾಡುತ್ತಿದ್ದೆ. ಮನೆಯವರಿಗೆಲ್ಲ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಮ್ಮನಿಗೆ ಮಾತ್ರ ಸಣ್ಣಕ್ಕಿ ಅನ್ನ, ತಿಳಿಸಾರು, ಹಪ್ಪಳ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಾನು ರೊಟ್ಟಿ ತಟ್ಟುವುದನ್ನೇ ನೋಡುತ್ತಿದ್ದಳು. 'ಎಷ್ಟು ಚಂದ ತಟ್ತೀಯೆ, ಎಂತ ಘಮ!' ಎನ್ನುತ್ತಿದ್ದಳು. ಅಮ್ಮನ ಬಾಯಲ್ಲಿ ಹೊಗಳಿಕೆ ಕೇಳಿ ನಾನು ಇನ್ನಷ್ಟು ಜೋರಾಗಿ ತಟ್ಟುತ್ತಿದ್ದೆ. ಅವಳಿಗೆ ಇಷ್ಟವಾದದ್ದನ್ನು ಹುಡುಕಿ ಬೇರೆ ಮಾಡಿ ಹಾಕುವ ಮಗಳು ನಾನು ಎಂಬ ಹೆಮ್ಮೆ ನನಗೆ. ಸೊಸೆ ದಿನಾ ಮಾಡುತ್ತಾಳೆ, ಮಾಡಲಿ; ಮಗಳ ಉಪಚಾರ ಬೇರೆ ಎಂದುಕೊಂಡಿದ್ದೆ.

ಅಮ್ಮ ಹೋದಳು. ವರ್ಷ ತುಂಬಿದ ಮೇಲೆ ಮಹಾಲಯ ಅಮಾವಾಸ್ಯೆಗೆ ಅವಳನ್ನೂ ಹಿರಿಯರ ಜತೆ ಸೇರಿಸಿ ಎಡೆ ಇಡುವುದಿತ್ತು. ಹೋದವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಬಾಳೆಎಲೆಯಲ್ಲಿ ಬಡಿಸಿಡುವುದು ನಮ್ಮಲ್ಲಿ ಪದ್ಧತಿ. ನಾನು ಹಿಂದಿನ ದಿನವೇ ಹೋಳಿಗೆ ಮಾಡಿಕೊಂಡು, ಈ ಸಲ ನಿಜವಾದ ಹೋಳಿಗೆ, ಡಬ್ಬಿ ತುಂಬಿಕೊಂಡು ಹೋದೆ. ಹಬ್ಬದ ದಿನ ಅಮ್ಮ ಅಷ್ಟು ಸಂಭ್ರಮದಿಂದ ಹೋಳಿಗೆ ಮಾಡುತ್ತಿದ್ದಳಲ್ಲ, ಅವಳಿಗೆ ಅದೇ ಇಷ್ಟ ಎಂದು ನನ್ನ ಲೆಕ್ಕ. ಎಲೆಯ ತುದಿಗೆ ಹೋಳಿಗೆ ಇಟ್ಟು ತಲೆ ಎತ್ತುತ್ತೇನೆ, ಅತ್ತಿಗೆ ಒಳಗಿನಿಂದ ತಟ್ಟೆ ತಂದು, ನಡುವೆ ಅನ್ನದ ಜಾಗದಲ್ಲಿ, ದಪ್ಪನೆಯ, ಅಂಚೆಲ್ಲ ಒಡೆದ ಎರಡು ಜೋಳದ ರೊಟ್ಟಿ ಇಟ್ಟಳು. ಪಕ್ಕದಲ್ಲಿ ಶೇಂಗಾ ಚಟ್ನಿ.

'ಇದೆಂತ ಅತ್ತಿಗೆ, ಅಮ್ಮನ ಎಡೇಲಿ ಜೋಳದ ರೊಟ್ಟಿ? ನಮ್ಮಲ್ಲಿ ಯಾರು ತಿಂತಾರೆ?' ಎಂದೆ. ಸ್ವಲ್ಪ ಜೋರಾಗಿಯೇ ಅಂದೆ.

'ಅತ್ತೆಗೆ ಇದು ಅಂದ್ರೆ ಪ್ರಾಣ ಅಲ್ವನೇ' ಎಂದಳು. 'ನಿಮ್ಮನೆಗೆ ಬಂದಾಗೆಲ್ಲ ಆಸೆಯಾಗ್ತಿತ್ತಂತೆ. ನೀನು ಅನ್ನ ಬಡಿಸ್ತಿದ್ದೆ. ಅಳಿಯನ ಮನೇಲಿ ಇಂಥದ್ದೇ ಕೊಡು ಅಂತ ಹ್ಯಾಂಗೆ ಕೇಳದು ಮಾರಾಯ್ತಿ? ಇಲ್ಲಿಗೆ ಬಂದು ನನ್ನ ಹತ್ರ ಹೇಳೋರು. ನಂಗೆ ತಟ್ಟಕ್ಕೆ ಬರದಿಲ್ಲ, ಹಿಂಗೇ ಒಡೀತದೆ. ಆದ್ರೂ ತಿನ್ನೋರು ಪಾಪ.'

ಸಾರು ಅವಳಿಗೆ ಹೋಗಿತ್ತು, ಡಬ್ಬಿಗಳು ಹೋಗಿದ್ದವು, ಅಂಗೈ ಗುರುತೂ ಹೋಗಿತ್ತು. ನನ್ನ ಹಂಚಿನ ಮೇಲೆ ನನ್ನ ಕಣ್ಣೆದುರೇ ಬೇಯುತ್ತಿದ್ದ ರೊಟ್ಟಿಯ ಆಸೆಯನ್ನೂ ಅಮ್ಮ ನನಗೆ ಹೇಳದೆ ಅಷ್ಟು ದೂರ ಹೊತ್ತುಕೊಂಡು ಹೋಗಿ ಅವಳ ಮಡಿಲಿಗೆ ಹಾಕಿದ್ದಳು. ಮಗಳನ್ನು ಕೇಳಲು ನಾಚಿಕೆ, ಸೊಸೆಯನ್ನು ಕೇಳಲು ಸಲಿಗೆ! ಅಮ್ಮ ಬದುಕಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಹಿತ್ತಲಿಗೆ ಹೋಗಿ, ಹಂಡೆಯ ಪಕ್ಕ ನಿಂತು, ಮುಖ ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ.

ಅತ್ತಿಗೆ ಹಿಂದೆಯೇ ಬಂದಳು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಟವೆಲು ಕೊಟ್ಟು, 'ನಂಗೆ ರೊಟ್ಟಿ ಕಲಿಸ್ಕೊಟ್ಟು ಹೋಗೆ. ಮುಂದಿನ ವರ್ಷ ಆದ್ರೂ ಅತ್ತೆಗೆ ಒಡೀದಿದ್ದು ಇಡನ' ಎಂದಳು.

ಕಲಿಸಿದೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಎಸರಿಗೆ ಹಿಟ್ಟು ಹಾಕಿ ಬಿಸಿಯಿರುವಾಗಲೇ ನಾದಬೇಕು, ತಟ್ಟುವಾಗ ಅಂಚು ಬಿಡಬಾರದು, ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು ಎಂದು ಮೇಷ್ಟ್ರ ಹಾಗೆ ಗದರಿ ಗದರಿ ಕಲಿಸಿದೆ. ಆ ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ, ಅವಳು ನನ್ನ ಹಿಂದೆ. ಎಂಥ ಸುಖ! ಅದೂ ಎಷ್ಟು ದಿನ? ಮುಂದಿನ ಬೇಸಿಗೆಯಲ್ಲಿ ನಾವು ಹೋದಾಗ ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗಾಗಿತ್ತು. ನನ್ನ ಗಂಡ, ಹುಟ್ಟಿದಾಗಿನಿಂದ ರೊಟ್ಟಿ ತಿಂದು ಬೆಳೆದ ಮನುಷ್ಯ, 'ಏನ್ ರೊಟ್ಟಿರೀ ಅಕ್ಕಾರ, ಎಲೀ ಇದ್ದಂಗ ಅದಾವು' ಎಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಅವರ ಜತೆ ಮಾತಾಡಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತಿಗೆ ಹೋದಳು. ಎದೆನೋವು ಎಂದವಳನ್ನು ಶಿವಮೊಗ್ಗಕ್ಕೆ ಕರೆದೊಯ್ಯಲು ಕಾರು ತರಿಸುವಷ್ಟರಲ್ಲಿ ಮುಗಿದಿತ್ತು. ಬೆಳಿಗ್ಗೆಯಷ್ಟೇ ನನಗೆ ಫೋನು ಮಾಡಿ ಎಂತ ಅಡುಗೆ ಎಂದು ಕೇಳಿದ್ದಳು. ಕೆಲಸದ ಗಡಿಬಿಡಿಯಲ್ಲಿ ಇನ್ನೂ ಏನೂ ಇಲ್ಲ ಅತ್ತಿಗೆ ಎಂದಿದ್ದೆ. 'ಉಪವಾಸ ಇರಬೇಡ ಮತ್ತೆ' ಎಂದು ಫೋನು ಇಟ್ಟಳು.

ಈ ಸಲದ ಮಹಾಲಯಕ್ಕೆ ಅವಳಿಗೂ ಎಡೆ. ಅಣ್ಣನ ಮಗಳು ವಾರದ ಮುಂಚೆ ಫೋನು ಮಾಡಿದಳು. 'ಅತ್ತೆ, ಅಮ್ಮಂಗೆ ಎಂತ ಇಷ್ಟ ಅಂತ ನಂಗೆ ಗೊತ್ತೇ ಇಲ್ಲ. ಅಪ್ಪಂಗೂ ಗೊತ್ತಿಲ್ವಂತೆ. ನಮ್ಮೆಲ್ಲರ ಇಷ್ಟ ಕೇಳಿ ಕೇಳಿ ಮಾಡ್ತಿದ್ಲು, ಅವಳದ್ದು ಯಾರೂ ಕೇಳ್ಲೇ ಇಲ್ಲ.'

'ನಂಗೊತ್ತು' ಎಂದೆ. ಯೋಚಿಸಬೇಕಾಗಿಯೇ ಇರಲಿಲ್ಲ. ಅವಳ ಮೇಲೆ ಅಷ್ಟು ವರ್ಷ ಕಣ್ಣಿಟ್ಟವಳು ನಾನು. ಮದುವೆಮನೆಯಲ್ಲಿ ಯಾವುದನ್ನು ಎಲೆಯಂಚಿಗೆ ಸರಿಸುತ್ತಾಳೆ, ಯಾವುದಕ್ಕೆ ಎರಡನೇ ಸಲ ಕೈ ಒಡ್ಡುತ್ತಾಳೆ, ಎಲ್ಲ ನೋಡಿದ್ದೇನೆ. ಹೊಟ್ಟೆಕಿಚ್ಚಿನವರಷ್ಟು ಗಮನ ಕೊಟ್ಟು ಬೇರೆ ಯಾರು ನೋಡುತ್ತಾರೆ? ಅವಳಿಗೆ ಇಷ್ಟವಿದ್ದದ್ದು ನಮ್ಮ ಶಿಕಾರಿಪುರದ ಒಗ್ಗರಣೆ ಮಂಡಕ್ಕಿ. ಹಸಿಮೆಣಸಿನಕಾಯಿ ಜಾಸ್ತಿ, ಮೇಲೆ ಹಸಿ ಈರುಳ್ಳಿ, ಪುಟಾಣಿ ಪುಡಿ. ನಮ್ಮ ಮನೆಗೆ ಬಂದಾಗ ತಟ್ಟೆ ಖಾಲಿ ಮಾಡಿ, ಇನ್ನಷ್ಟು ಇದೆಯೇ ಎಂದು ಬಾಣಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಸುಮ್ಮನಾಗುತ್ತಿದ್ದಳು. ನಾನು ಕೇಳುವ ಮೊದಲೇ ಹಾಕುತ್ತಿದ್ದೆ. ಬಯ್ದುಕೊಳ್ಳುತ್ತಲೇ ಹಾಕುತ್ತಿದ್ದೆ.

ಮಂಡಕ್ಕಿ ಚೀಲ, ಜೋಳದ ಹಿಟ್ಟು ಎಲ್ಲ ಹೊತ್ತುಕೊಂಡು ಉಳವಿಗೆ ಹೋದೆ. ಅಮ್ಮನ ಎಲೆಗೆ ರೊಟ್ಟಿ ತಟ್ಟಿದೆ, ಅತ್ತಿಗೆಯ ಎಲೆಗೆ ಮಂಡಕ್ಕಿ ಒಗ್ಗರಣೆ ಹಾಕಿದೆ. ಆ ಅಡುಗೆಮನೆಯಲ್ಲಿ ಮೊದಲ ಸಲ ನನಗೆ ಎದುರಾಳಿ ಇರಲಿಲ್ಲ. ಎರಡೂ ಎಡೆಯಲ್ಲಿ ನನ್ನ ಕೈಯದೇ ಎಂದು ಒಂದು ಗಳಿಗೆ ಬೀಗಿದ್ದೂ ನಿಜ.

ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು. ಹಿರಿಯರು ಬಂದು ಉಣ್ಣುವಾಗ ಮನೆಯವರು ನೋಡಬಾರದು. ಜಗುಲಿಯಲ್ಲಿ ನಿಂತಾಗ ನನಗೆ ಥಟ್ಟನೆ ಹೊಳೆಯಿತು: ಒಳಗೆ ಈಗ ಅವರಿಬ್ಬರೇ. ಅತ್ತೆ, ಸೊಸೆ. ನಾನು ತಟ್ಟಿದ ರೊಟ್ಟಿ, ನಾನು ಮಾಡಿದ ಮಂಡಕ್ಕಿ ತಿನ್ನುತ್ತಾ, ನನ್ನನ್ನೇ ಆಡಿಕೊಂಡು ನಗುತ್ತಿರಬೇಕು. ನಾನು ಮತ್ತೆ ಜಗುಲಿಯಲ್ಲಿ. ಸತ್ತ ಮೇಲೂ ಬಿಡಲಿಲ್ಲವಲ್ಲ ಮಾರಾಯ್ತಿ, ನನಗಿಂತ ಮೊದಲು ಹೋಗಿ ಅಮ್ಮನ ಪಕ್ಕ ಜಾಗ ಹಿಡಿದೆಯಲ್ಲ! ಕಣ್ಣು ತುಂಬಿತು.

ಸ್ವಲ್ಪ ಹೊತ್ತು ಕಳೆದು ಅಣ್ಣ ಚಿಲಕಕ್ಕೆ ಕೈ ಹಾಕಿದ. 'ಆಯ್ತಲ್ಲ, ತೆಗೀಲಾ?'

ನಾನು ಅವನ ಕೈ ಹಿಡಿದುಕೊಂಡೆ.

'ತಡಿ ಅಣ್ಣ. ಅತ್ತಿಗೆ ಇನ್ನೂ ಅಮ್ಮಂಗೆ ಬಡಿಸ್ತಾ ಇರ್ತಾರೆ. ಅವರೂ ಕೂತು ಉಣ್ಲಿ, ಆಮೇಲೆ ತೆಗಿ.'