ಕನ್ನಡಿಯೊಳಗೆ ಉಳಿದ ಪುಡಿ

ಪಾಮರ್ಸ್ಟನ್ ನಾರ್ತ್ ಎಂಬ ಪರದೇಶದ ಊರಿನ ಒಂದು ಸಣ್ಣ ಕಂಪನಿಯಲ್ಲಿ ನಾವು ಬಾಹ್ಯಾಕಾಶ ಟೆಲಿಸ್ಕೋಪುಗಳಿಗೆ ಲೋಹದ ಕನ್ನಡಿ ಮಾಡುತ್ತಿದ್ದೆವು. ಅಲ್ಯೂಮಿನಿಯಂ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಬೆಳೆಸುವ ತ್ರೀಡಿ ಪ್ರಿಂಟಿಂಗ್. ಮುಂದೆ ನಯವಾದ ಮುಖ, ಹಿಂದೆ ಜೇನುಗೂಡಿನಂಥ ಟೊಳ್ಳು. ಹಗುರವೆಲ್ಲ ಆ ಟೊಳ್ಳಿನದೇ. ಕರಗದೆ ಉಳಿದ ಪುಡಿಯನ್ನು ಸಣ್ಣ ತೂತುಗಳಿಂದ ಹೊರಗೆ ಉದುರಿಸಬೇಕು. ಎಲ್ಲ ಹೊರಬಂದಿದೆ ಎಂದು ಸಹಿ ಹಾಕುವವಳು ನಾನು.

ಆ ಸಲ ಊಟದ ತಟ್ಟೆಯಷ್ಟಗಲದ ಕನ್ನಡಿಯನ್ನು ತೂಗಿದಾಗ, ಇರಬೇಕಾದ್ದಕ್ಕಿಂತ ಒಂದು ಚಮಚ ಪುಡಿಯಷ್ಟು ಹೆಚ್ಚು ಬಂತು. ಎರಡು ದಿನ ತಿರುವಿ, ಅಲುಗಿಸಿ, ಗಾಳಿ ಊದಿದೆ. ತೂಕ ಇಳಿಯಲಿಲ್ಲ. ಲೋಹ ಹದಗೊಳ್ಳಲೆಂದು ಕುಲುಮೆಗೆ ಹಾಕುವ ದಿನ ಮ್ಯಾನೇಜರ್ ಬಂದು ನಿಂತರು.

"ಗೋಡೆ ಸ್ವಲ್ಪ ದಪ್ಪ ಬಂದಿರಬೇಕು. ಸಹಿ ಹಾಕು."

ಒಳಗೇನಿದೆ ಎಂದು ಸ್ಕ್ಯಾನ್ ಮಾಡಿಸೋಣ ಎಂದೆ. ಅದಕ್ಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಈ ಆರ್ಡರ್ ಕೈತಪ್ಪಿದರೆ ನಿನ್ನ ಹುದ್ದೆಯೂ ಇರುವುದಿಲ್ಲ ಎಂದರು. ಗದರಿಸಲಿಲ್ಲ, ನಾಳೆ ಗಾಳಿ ಜೋರಂತೆ ಎನ್ನುವ ಹಾಗೆ ಹೇಳಿದರು.

ನನ್ನ ವೀಸಾ ಆ ಒಂದೇ ಕಂಪನಿಗೆ ಕಟ್ಟುಬಿದ್ದಿತ್ತು. ಗಂಡನದೂ ಮಗಳದೂ ನನ್ನದಕ್ಕೆ. ಊಟದ ಬಿಡುವಿನಲ್ಲಿ ಕಾರಿನೊಳಗೆ ಕೂತು ಗಂಡನಿಗೆ ಫೋನ್ ಮಾಡಿದೆ.

"ಇಲ್ಲೇ ಕಾಯಂ ಇರೂ ರೆಸಿಡೆನ್ಸಿ ಬರೂತನಕಾ ಸುಮ್ಮನ ಇರು. ಒಂದ ಸಹಿಗೆ ಏನಾಗ್ತದ?"

"ಪುಡಿ ಒಳಗ ಅದರೀ. ನನಗ ಗೊತ್ತದ."

"ಗೊತ್ತದ, ಖರೆ. ಆದ್ರ ನಾವೆಲ್ಲಿ ಹೋಗೂಣು ಹೇಳು?"

ಶಾಲೆಗೆ ರಜೆ ಇತ್ತು. ಅವರ ಹಿಂದಿನಿಂದ ಮಗಳ ದನಿ ಕೇಳಿಸಿತು: "ಅಮ್ಮಾ, ಆರ್ ವಿ ಮೂವಿಂಗ್ ಅಗೇನ್?"

ಇಲ್ಲ ಪುಟ್ಟಿ ಎಂದೆ. ಒಳಗೆ ಹೋಗಿ ಸಹಿ ಹಾಕಿದೆ.

ಆಮೇಲಿನ ವಾರಗಳಲ್ಲಿ ನಮ್ಮಲ್ಲಿ ಪಾಲಿಶ್ ಮಾಡುವ ಹಿರಿಯರೊಬ್ಬರು ದಿನವಿಡೀ ಆ ಕನ್ನಡಿಯ ಮೇಲೆ ಬಾಗಿ ಕೂತಿರುತ್ತಿದ್ದರು. ಒಂದು ದಿನ ನನ್ನನ್ನು ಕರೆದು ನನ್ನದೇ ಮುಖವನ್ನು ಅದರಲ್ಲಿ ತೋರಿಸಿದರು. ಆಗಲಾದರೂ ಹೇಳಬಹುದಿತ್ತು. ಚೆನ್ನಾಗಿದೆ ಎಂದಷ್ಟೇ ಹೇಳಿ, ಅವರಿಗೆ ಚಹಾ ಮಾಡಿ ಕೊಟ್ಟೆ.

ರಾಕೆಟ್ಟಿನ ಅದುರಾಟವನ್ನು ತಾಳುತ್ತದೆಯೇ ಎಂದು ಪರೀಕ್ಷಿಸಿದ ದಿನ ಯಂತ್ರ ನಿಂತ ಮೇಲೆ ಮುಚ್ಚಳ ತೆಗೆದರೆ, ಕನ್ನಡಿಯ ಮುಖದ ತುಂಬ ಒಳಗಿಂದ ಉದುರಿದ ಬೂದು ಪುಡಿ, ಅದರಡಿ ಗೀರುಗಳು. ಮ್ಯಾನೇಜರ್ ನಮ್ಮ ದುರದೃಷ್ಟ ಎಂದು ಹೊರಟುಹೋದರು. ಹಿರಿಯರು ಒಂದೊಂದಾಗಿ ಕೈಗವಸು ಬಿಚ್ಚುತ್ತಿದ್ದರು.

"ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ," ಎಂದೆ.

ಅವರು ಕೈಗವಸುಗಳನ್ನು ಮೇಜಿನ ಮೇಲಿಟ್ಟರು. "ನನಗಾದರೂ ಹೇಳಬಾರದಿತ್ತೇ? ಕನ್ನಡಿಯ ಹಿಂಬದಿಗೆ ಇನ್ನೊಂದು ತೂತು ಕೊರೆದು ಪುಡಿ ತೆಗೆಯಬಹುದಿತ್ತು."

ಇನ್ನೊಬ್ಬರನ್ನು ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಇನ್ನೊಂದು ಕನ್ನಡಿ ತಿಕ್ಕುವಷ್ಟು ಕಣ್ಣು ಉಳಿದಿಲ್ಲ ಎಂದು ಅವರು ಆ ತಿಂಗಳೇ ಕೆಲಸ ಬಿಟ್ಟರು. ನಾನು ಬಿಡುವ ಹಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಅದೇ ಅಳತೆಯ ಹೊಸ ಕನ್ನಡಿ ನನ್ನ ಮೇಜಿಗೆ ಬಂತು. ಪಕ್ಕದಲ್ಲಿ ಸಹಿಯ ಕಾಗದ.