ಸೊನ್ನೆ ದೋಷದ ಗಂಡ

ನಾಲ್ಕೂವರೆಗೆ ಎದ್ದು ಬೀದಿಯ ಕೈಪಂಪಿನಿಂದ ಹತ್ತು ಕೊಡ ನೀರು. ಡಿಕಾಕ್ಷನ್. ಅತ್ತೆ ಜಯಲಕ್ಷ್ಮಮ್ಮ ಮಡಿಯುಟ್ಟು ಬರುವಷ್ಟರಲ್ಲಿ ಒಲೆ ಒರೆಸಿ, ತರಕಾರಿ ಹೆಚ್ಚಿ, ಕಾಯಿ ತುರಿದಿಟ್ಟಿರಬೇಕು. ಆಮೇಲೆ ಅವರು ಎರಡು ಸಲ ಸೌಟು ಆಡಿಸಿ, ಅಡುಗೆ ತಮ್ಮದೇ ಎನ್ನುತ್ತಾರೆ. ಎರಡು ಊಟದ ಡಬ್ಬಿ. ಗಂಡನ ಅಂಗಿಗೆ ಇಸ್ತ್ರಿ. ಇಷ್ಟಾದ ಮೇಲೆ, ಆಫೀಸಿಗೆ ಹೊರಡುವ ಮೊದಲು, ಗಂಡ ಬರೆದ ಪ್ರೋಗ್ರಾಮಿನ ಇಪ್ಪತ್ತು ಪುಟಗಳನ್ನು ಪೆನ್ಸಿಲ್ ಹಿಡಿದು ತಿದ್ದುವುದು.

೨೦೦೪ರಲ್ಲಿ ಶ್ರೀವಿದ್ಯಾಗೆ ಮೂವತ್ತೊಂದು ವರ್ಷ. ಅವಳೂ ಗಂಡ ಮಧ್ವರಾಜನೂ ತಮಿಳು ಸೀಮೆಯ ಪೆರುಂಗುಡಿಯ ಒಂದೇ ಕಂಪನಿಯಲ್ಲಿ, ಒಂದೇ ತಂಡದಲ್ಲಿದ್ದರು. ಅಮೆರಿಕದ ವಿಮೆಯವರಿಗೆ ಪ್ರೋಗ್ರಾಮು ಬರೆಯುವ ಕೆಲಸ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಕಂಡ ದೋಷಗಳನ್ನು ರಿವ್ಯೂ ಫಾರಂನಲ್ಲಿ ಬರೆಯಬೇಕು, ಬರೆದವನೇ ತಿದ್ದಬೇಕು, ಫಾರಂ ದೋಷಗಳನ್ನು ಎಣಿಸುವ ಕ್ವಾಲಿಟಿ ವಿಭಾಗಕ್ಕೆ ಹೋಗಬೇಕು. ನಿಯಮ ಅದು. ಮಧ್ವರಾಜನ ಕೋಡನ್ನು ಓದುವ ಕೆಲಸವನ್ನು ಮ್ಯಾನೇಜರ್ ಗುರುಚರಣ ಅವಳಿಗೇ ವಹಿಸಿದ್ದರು. ಜಗಳವಾದರೂ ಮನೆಯಲ್ಲೇ ಮುಗಿಯುತ್ತದಲ್ಲ!

ಮಧ್ವರಾಜ ನಿಯಮವನ್ನು ಇನ್ನಷ್ಟು ಸುಲಭ ಮಾಡಿಕೊಂಡ. ಕೊಳೆ ಅಂಗಿಯನ್ನು ಬುಟ್ಟಿಗೆ ಎಸೆದ ಹಾಗೆ ತನ್ನ ಪಾಸ್‌ವರ್ಡನ್ನೂ ಹೆಂಡತಿಗೆ ಕೊಟ್ಟುಬಿಟ್ಟ. ರಿವ್ಯೂಗೆ ಮೊದಲೇ ಅವಳು ಅವನ ಹೆಸರಿನಲ್ಲಿ ಒಳಹೊಕ್ಕು ಎಲ್ಲವನ್ನೂ ತಿದ್ದಿರಬೇಕು. ಆಮೇಲೆ ಫಾರಂನಲ್ಲಿ ದೋಷಗಳು ಸೊನ್ನೆ.

ಪ್ರೋಗ್ರಾಮಿನಿಂದ ಆಗುವ ಕೆಲಸ ಬದಲಾಗದಂತೆ ಅದರ ಒಳಗನ್ನು ಅಚ್ಚುಕಟ್ಟು ಮಾಡುವುದಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಮಧ್ವರಾಜ ಅದರ ಬಗ್ಗೆ ಕಂಪನಿಯಲ್ಲಿ ಒಂದು ಗಂಟೆ ಭಾಷಣ ಮಾಡಿದ್ದ, ನಲವತ್ತು ಸ್ಲೈಡು ಹಾಕಿ. ಅಂದು ಅವನು ತೊಟ್ಟ ಅಂಗಿಗೆ ಇಸ್ತ್ರಿ ಹಾಕಿದವಳೂ ಸ್ಲೈಡು ಮಾಡಿದವಳೂ ಒಬ್ಬಳೇ.

ಮೂರು ಸಲ ಸೊನ್ನೆ ಬಂದಾಗ ಅವನಿಗೆ ಪ್ರಶಸ್ತಿಪತ್ರ ಕೊಟ್ಟರು. ಅತ್ತೆ ಅದನ್ನು ರಾಯರ ಪಟದ ಪಕ್ಕದಲ್ಲಿಟ್ಟು ಗಂಧ ಹಚ್ಚಿದರು. ಅದೇ ತಿಂಗಳು ಶ್ರೀವಿದ್ಯಾಳ ಕೋಡನ್ನು ಅವನು ಓದಿ ಹನ್ನೊಂದು ದೋಷ ಬರೆದಿದ್ದ. ಅದರಲ್ಲಿ ಒಂದು, ಕೋಡಿನ ನಡುವಿನ ಟಿಪ್ಪಣಿಯ ವಾಕ್ಯದ ಕೊನೆಗೆ ಚುಕ್ಕೆ ಇಲ್ಲ ಎಂಬುದು.

"ಹೆಂಡ್ತಿ ಅಂತ ಬಿಟ್ಕೊಟ್ರೆ ಪಾರ್ಷಿಯಾಲಿಟಿ ಆಗತ್ತೆ ವಿದ್ಯಾ," ಎಂದಿದ್ದ.

ಆಗಸ್ಟಿನಲ್ಲಿ ಯೋಜನೆಯ ಎರಡನೇ ಹಂತಕ್ಕೆ ತಂಡವನ್ನು ನಡೆಸುವ ಒಬ್ಬ ಲೀಡ್ ಬೇಕಾಯಿತು. ಹೆಸರುಗಳು ಎರಡೇ, ಗಂಡನದು ಮತ್ತು ಹೆಂಡತಿಯದು. ಯಾರ ಫಾರಂನಲ್ಲಿ ದೋಷ ಕಡಿಮೆಯೋ ಅವರಿಗೆ ಹುದ್ದೆ. ಕೊನೆಯ ರಿವ್ಯೂ ಶುಕ್ರವಾರ. ಶ್ರೀವಿದ್ಯಾಗೆ ಆ ಹುದ್ದೆ ಬೇಕಿತ್ತು. ಬೇಕು ಎಂದು ಮನೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಅವನ ಪುಟಗಳನ್ನು ಮುಂದಿಟ್ಟುಕೊಂಡು ಹೇಳಿದಳು:

"ರೀ, ಪಾಲಿಸಿದಾರರ ವಯಸ್ಸಿನ ಲೆಕ್ಕಾನ ಒಂಬತ್ತು ಕಡೆ ಕಾಪಿ ಹೊಡ್ದಿದೀರಿ. ಒಂಬತ್ತನೇದು ತಪ್ಪು. ಹುಟ್ಟಿದಹಬ್ಬ ಬರೋ ಮೊದ್ಲೇ ಜನಕ್ಕೆ ಒಂದು ವರ್ಷ ಏರಿಸ್ತಿದೀರಿ."

"ಓಡತ್ತೆ ಅಲ್ವಾ? ಕೊಂಚ ಸರಿ ಮಾಡ್ಬಿಡು. ನಾನು ಲಾಜಿಕ್ ಯೋಚ್ನೆ ಮಾಡೋನು. ಈ ಒರೆಸೋದು, ಗುಡಿಸೋದೆಲ್ಲ..."

"ಎಲ್ಲ?"

"ಕಾಫಿ ಆರ್ಹೋಯ್ತು, ಬಿಸಿ ಮಾಡ್ಕೊಂಡು ಬಾ."

ಅವಳು ಸರಿ ಮಾಡಿದಳು. ನಾಲ್ಕು ದಿನ ಹಿಡಿಯಿತು. ಒಂಬತ್ತು ಕಡೆಯ ಲೆಕ್ಕವನ್ನು ಒಂದೇ ಕಡೆ ತಂದಳು. ಒಂಬೈನೂರು ಸಾಲಿನ ಒಂದು ರಾಶಿಯನ್ನು ಬಿಡಿಸಿ, ಒಂದೊಂದು ಭಾಗಕ್ಕೂ ಅರ್ಥವಾಗುವ ಹೆಸರಿಟ್ಟಳು. ಆ ಹೊಸ ಪ್ರತಿಯನ್ನು ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡಳು. ಗಂಡನ ಹೆಸರಿನಲ್ಲಿ ಕಂಪನಿಯ ಕಂಪ್ಯೂಟರಿನೊಳಗೆ ಹಾಕುವುದೊಂದು ಬಾಕಿ.

ಗುರುವಾರ ಸಂಜೆ ಗುರುಚರಣ ಕರೆದರು. ಒಂದೇ ಮಠದ ಕಡೆಯವರೆಂದು ಸಲಿಗೆ.

"ಏನಮ್ಮಾ ಶ್ರೀವಿದ್ಯಾ, ನಾಳೆ ಫಾರಂ ಮೊದ್ಲು ನನ್ಗೆ ತೋರ್ಸು. ನೇರಾ ಕ್ವಾಲಿಟಿಯವರ ಹತ್ರ ವೇಂಡಾಂ, ಬೇಡ."

"ಯಾಕೆ ಸಾರ್?"

"ಲೀಡ್ ಅವನಾದ್ರೇನು, ನೀನಾದ್ರೇನು? ಸಂಬಳ ಒಂದೇ ಮನೆಗೆ ತಾನೆ ಬರೋದು."

"ಹಾಗಾದ್ರೆ ನನ್ಗೇ ಕೊಡಿ ಸಾರ್. ಒಂದೇ ಮನೆಗೆ ತಾನೆ ಬರೋದು."

ಗುರುಚರಣ ಹೊಟ್ಟೆ ಕುಲುಕುವಂತೆ ನಕ್ಕರು. ಅಷ್ಟು ಒಳ್ಳೆಯ ಜೋಕನ್ನು ಅವರು ಆ ವಾರ ಕೇಳಿರಲಿಲ್ಲ.

ಶುಕ್ರವಾರ ಅವಳು ಮೊದಲ ಕಂಪನಿ ಬಸ್ಸಿನಲ್ಲಿ ಬಂದಳು. ಮಧ್ವರಾಜ ಸ್ಕೂಟರಿನಲ್ಲಿ ಹತ್ತಕ್ಕೆ ಬರುವವನು. ಆಫೀಸಿನಲ್ಲಿ ಯಾರೂ ಇರಲಿಲ್ಲ. ಅವಳು ಕಂಪ್ಯೂಟರ್ ಹಾಕಿ ತಾನು ತಿದ್ದಿದ ಪ್ರತಿಯನ್ನು ತೆರೆದಳು. ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದಳು. ಚೆನ್ನಾಗಿತ್ತು. ಅವಳು ಬರೆದ ಒಳ್ಳೆಯ ಕೋಡುಗಳಲ್ಲಿ ಅದೂ ಒಂದು. ಗಂಡನ ಹೆಸರಿನಲ್ಲಿ ಅದನ್ನು ಒಳಗೆ ಹಾಕಿದರೆ ಸಂಜೆಗೆ ಮನೆಯಲ್ಲಿ ಪಾಯಸ, ಸೋಮವಾರದಿಂದ ಗಂಡನೇ ಅವಳ ಲೀಡ್. ಹಾಕದಿದ್ದರೆ ಹುದ್ದೆ ಅವಳಿಗೇ ಸಿಗುತ್ತದೆಂಬ ಖಾತ್ರಿಯೇನೂ ಇರಲಿಲ್ಲ. ಅತ್ತೆ ಮಾತು ಬಿಡುತ್ತಾರೆ, ಗಂಡ ಊಟ ಬಿಡುತ್ತಾನೆ. ಅದೂ ಅವಳು ಬಡಿಸಿದ ಮೇಲೆ.

ಅವಳು ಆ ಪ್ರತಿಯನ್ನು ಅಳಿಸಿಹಾಕಿದಳು. ಗಂಡ ಬರೆದದ್ದು ಗಂಡ ಬರೆದಂತೆಯೇ ಒಳಗೆ ಉಳಿಯಿತು.

ಆಮೇಲೆ ಫಾರಂ ತೆಗೆದು ಇಂಕಿನಲ್ಲಿ ಬರೆಯತೊಡಗಿದಳು. ಮೊದಲ ದೋಷ, ವಯಸ್ಸಿನ ಲೆಕ್ಕ. ಚುಕ್ಕೆ ಬಿಟ್ಟದ್ದನ್ನೆಲ್ಲ ಅವಳು ಎಣಿಸಲಿಲ್ಲ. ಅದಿಲ್ಲದೆಯೇ ಮೂವತ್ತೇಳು ಆಯಿತು. ಕೊನೆಯಲ್ಲಿ, ಇವನ್ನು ತಿದ್ದಬೇಕಾದವರು ಯಾರು ಎಂಬ ಜಾಗದಲ್ಲಿ ಮಧ್ವರಾಜನ ಹೆಸರನ್ನು ಇನಿಷಿಯಲ್ ಸಮೇತ ಬರೆದಳು. ಫಾರಂ ಹಿಡಿದು ಗುರುಚರಣರ ಮೇಜನ್ನು ದಾಟಿ, ಮೆಟ್ಟಿಲು ಹತ್ತಿ, ಕ್ವಾಲಿಟಿಯವರ ಕೋಣೆಯ ಬಾಗಿಲ ಕೆಳಗಿನ ಸಂದಿಯಲ್ಲಿ ಅದನ್ನು ಒಳಗೆ ತಳ್ಳಿದಳು.